ನಾಳೆ ಎನ್ನುವ ಮುನ್ನ

ಮೊದಲು ಆ ಕುರ್ಚಿಗಳನ್ನು ಗೋಡೆಗೆ ಸರಿಸಿ.
ನೆಲಕ್ಕೆ ಕೂತುಕೊಳ್ಳಿ. ಹೌದು ಸುಕನ್ಯಾ, ಬಿಳಿ ಚೂಡಿದಾರವಾದರೂ.
ಬೈತಖೋಲದಲ್ಲಿ ನೆಲವೆಂದರೆ
ಬಂಗಡೆಯ ಹುರುಪೆ ಅಂಟಿದ ಸಿಮೆಂಟು,
ಐಸು ಕರಗಿ ಹರಿದ ನೀರು.
ಇದು ಕಾಲೇಜಿನ ನೆಲ,
ಬೆಳಿಗ್ಗೆಯಷ್ಟೇ ಫಿನಾಯಿಲ್ ಹಾಕಿ ಒರೆಸಿದ್ದು.

ಎರಡು ದಿನ ನಿಮಗೆ ಚಾರ್ಟು ತೋರಿಸಿದೆ.
ಬಾಣ, ವೃತ್ತ, ಬಣ್ಣದ ಸ್ಕೆಚ್ ಪೆನ್ನು,
‘ಮಗುವಿನ ಅಗತ್ಯಗಳು’ ಎಂದು ಮೇಲೆ ಬರೆದು
ಕೆಳಗೆ ನೀವೇ ಹೇಳಿದ ಹನ್ನೊಂದು ಉತ್ತರ.
ಮುಜಮ್ಮಿಲ್ ಎಲ್ಲವನ್ನೂ ಕೆಂಪು ಶಾಯಿಯಲ್ಲಿ ಇಳಿಸಿಕೊಂಡಿದ್ದಾನೆ,
ಪರೀಕ್ಷೆಗೆ ಬರುತ್ತದೆಂಬಂತೆ.
ಸರ್ಟಿಫಿಕೇಟು ಯಾವಾಗ ಎಂದು ಕೇಳಿದವರು ಯಾರು?
ತಪ್ಪಲ್ಲ. ನಾನೂ ಕೇಳಿದ್ದೆ.

ನಿನ್ನೆಯ ಆಟದಲ್ಲಿ ನಿಮ್ಮಲ್ಲಿ ಅರ್ಧ ಜನ ಮಕ್ಕಳಾದಿರಿ.
ಎಷ್ಟು ಚೆನ್ನಾಗಿ ಅತ್ತಿರಿ!
ರೋಹಿದಾಸ ತೋಳಿಗೆ ಮೂಗು ಒರೆಸಿಕೊಂಡದ್ದಕ್ಕೆ ಚಪ್ಪಾಳೆಯೂ ಬಿತ್ತು.
ಆ ಮಕ್ಕಳು ಅಷ್ಟು ಸುಲಭಕ್ಕೆ ಅಳುವುದಿಲ್ಲ.
ನಿಮ್ಮನ್ನು ನೋಡುತ್ತಾರೆ,
ಮೀನು ಕೊಳ್ಳುವವಳು ಕಿವಿರು ಎತ್ತಿ ನೋಡುವ ಹಾಗೆ,
ತಾಜಾ ಹೌದೋ ಅಲ್ಲವೋ.

ಕೊಂಕಣಿ ನಡೆಯುತ್ತದೆಯೇ ಎಂದಿರಿ.
ಕೆಲವರಲ್ಲಿ ನಡೆಯುತ್ತದೆ. ಉಳಿದವರು ಕೊಪ್ಪಳದ ಕಡೆಯವರು,
ರಸ್ತೆ ಅಗಲ ಮಾಡಲು ಬಂದ ಅಪ್ಪ ಅವ್ವನ ಬೆನ್ನಿಗೆ ಬಂದವರು.
‘ಅಕ್ಕಾ, ಈ ಸಮುದ್ರ ರಾತ್ರಿನೂ ಮಕ್ಕೊಳ್ಳಂಗಿಲ್ಲೇನ್ರಿ?’
ಎಂದು ನನ್ನನ್ನು ಕೇಳಿದವಳು ದುರುಗವ್ವ.
ಆ ಪ್ರಶ್ನೆಗೆ ನಮ್ಮ ಚಾರ್ಟಿನಲ್ಲಿ ಜಾಗವಿಲ್ಲ.

ಚಾರ್ಟು ಮಡಚಿಡುತ್ತೇನೆ.
ಇನ್ನು ಹೇಳುವುದು ಕೈಪಿಡಿಯಲ್ಲಿಲ್ಲ.

ನನಗಾಗ ನಿಮ್ಮದೇ ವಯಸ್ಸು. ಬಿ.ಎ. ಎರಡನೇ ವರ್ಷ.
ಕೋಡಿಬಾಗದಿಂದ ಸೈಕಲ್ಲು,
ಚೀಲದಲ್ಲಿ ಬಳಪ, ರಟ್ಟು ಹರಿದ ಪಾಠಪುಸ್ತಕ, ಒಂದಿಷ್ಟು ಹೆಮ್ಮೆ.
ದುರುಗವ್ವನಿಗೆ ‘ಳ’ ಒಂದು ಒಲಿಯುತ್ತಿರಲಿಲ್ಲ.
ಸುರುಳಿ ನಿಲ್ಲಬೇಕಾದಲ್ಲಿ ನಿಲ್ಲದೆ
ಸ್ಲೇಟು ದಾಟಿ ಕಟ್ಟಿಗೆಯ ಚೌಕಟ್ಟು ಹತ್ತುತ್ತಿತ್ತು.
ಕತ್ತಲಾಗಿತ್ತು. ಮನೆಯಲ್ಲಿ ಬೈಯುತ್ತಾರೆಂಬ ಅವಸರ.
‘ನಾಳೆ ಬರ್ತೇನೆ, ನಾಳೆ ಕಲಿಸ್ತೇನೆ’ ಎಂದೆ.
ನಾಳೆ ಎಂದು ಬರೆಯಲು ಆ ಅಕ್ಷರವೇ ಬೇಕೆಂದು
ನನಗಾಗ ಹೊಳೆಯಲಿಲ್ಲ.

ಮರುದಿನ ಗೆಳತಿಯ ಅಕ್ಕನ ನಿಶ್ಚಿತಾರ್ಥ.
ಆಮೇಲೆ ನೆಗಡಿಯೋ, ಸಿನಿಮಾವೋ.
ಐದನೇ ದಿನ ಹೋದೆ.
ಶೆಡ್ಡು ಇರಲಿಲ್ಲ. ಗೂಟ ಕಿತ್ತ ನಾಲ್ಕು ಕುಳಿ,
ಮಸಿ ಹಿಡಿದ ಮೂರು ಕಲ್ಲು.
ಬಲೆ ಹೊಲಿಯುತ್ತಿದ್ದ ಶಾಣು ತಾಂಡೇಲರು
ತಲೆಯೆತ್ತದೆ ಹೇಳಿದರು:
ಆ ಹುಡುಗಿ ಮಗುಚಿಟ್ಟ ದೋಣಿಯ ಮೇಲೆ
ಮೂರು ಸಂಜೆ ಕೂತಿತ್ತು,
ಸ್ಲೇಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ.
ನಾಲ್ಕನೇ ದಿನ ಲಾರಿ ಬಂತು.

ಅಜ್ಜಿಯ ಮನೆಯ ಬಾಗಿಲಿಗೆ
ಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆದಿರುತ್ತಿತ್ತು.
ಅದು ದೆವ್ವಕ್ಕೆ.
ಬಂದು ಓದಲಿ, ಹಿಂದಿರುಗಲಿ,
ಮರುದಿನ ಬಂದು ಮತ್ತೆ ಅದನ್ನೇ ಓದಲಿ ಎಂದು.
ದೆವ್ವಕ್ಕೆ ಬರೆದದ್ದನ್ನು ಮಕ್ಕಳಿಗೆ ಹೇಳಬೇಡಿ.

ಆಗದಿದ್ದರೆ ಆಗುವುದಿಲ್ಲ ಎನ್ನಿ, ಅವರು ತಡೆಯುತ್ತಾರೆ.
ಶನಿವಾರ ನಾಲ್ಕಕ್ಕೆ ಎಂದರೆ ಶನಿವಾರ ನಾಲ್ಕಕ್ಕೆ ಹೋಗಿ.
ಕೈಯಲ್ಲಿ ಏನೂ ಇಲ್ಲದಿದ್ದರೂ ಹೋಗಿ,
ಪಾಠ ತಯಾರಾಗದಿದ್ದರೂ,
ಕೊಡೆ ತಿರುಗಿಸಿ ಎಸೆಯುವ ಗಾಳಿಯಿದ್ದರೂ.

ಯಾರೂ ಮಾತಾಡಲಿಲ್ಲ.
ಮೇಲೆ ಫ್ಯಾನು ಕಟಕಟ ಅನ್ನುತ್ತಿತ್ತು.
ಸುಕನ್ಯಾ ನೆಲದ ಮೇಲೆ ಬೆರಳಲ್ಲಿ ಏನೋ ಬರೆದು
ಅಂಗೈಯಿಂದ ಒರೆಸಿದಳು.
ಮುಜಮ್ಮಿಲ್ ಕೆಂಪು ಪೆನ್ನಿನ ಮುಚ್ಚಳ ಹಾಕಿ ಕೇಳಿದ:

‘ಮೇಡಂ, ಬೈತಖೋಲದಿಂದ ವಾಪಸು ಬರಲು
ಕೊನೆಯ ಬಸ್ಸು ಎಷ್ಟು ಗಂಟೆಗೆ?’